ಕತ್ತು ತಿರುಗಿಸಿದ ಹಕ್ಕಿ

"ಅವ್ವ ಹೋದ್ಲೋ ತಮ್ಮಾ. ನಾಳೆ ಮಧ್ಯಾಹ್ನದ ಮಟ ಕಾಯ್ತೀವಿ, ಲಗೂನ ಬಾ," ಎಂದು ಅಣ್ಣ ಬಸಣ್ಣ ದೇವದುರ್ಗದಿಂದ ಫೋನ್ ಮಾಡಿದಾಗ ಶಿವಪುತ್ರ ಅತಿಥಿಗಳಿಗೆ ಚಹಾ ಕೊಡುತ್ತಿದ್ದ. ಕುಕ್ ಟೌನಿನ ಆ ಬಂಗಲೆಯಲ್ಲಿ ಒಂಬತ್ತು ವರ್ಷದಿಂದ ಯಮುನಾ ಮೇಡಂ ಅವರನ್ನು ನೋಡಿಕೊಳ್ಳುವುದು, ಅವರ ಹಿತ್ತಾಳೆ ಗೊಂಬೆಗಳ ಧೂಳು ಒರೆಸುವುದು ಅವನ ಕೆಲಸ. ಮೇಡಂ ಹಿಂದೆ ಘಾನಾದಲ್ಲಿ ಗಣಿತದ ಟೀಚರಾಗಿದ್ದವರು. ಅಲ್ಲಿನ ಅಕಾನ್ ಜನ ಚಿನ್ನದ ಪುಡಿ ತೂಗಲು ಬಳಸುತ್ತಿದ್ದ ಬೆರಳುದ್ದದ ಈ ತೂಕದ ಬಟ್ಟುಗಳನ್ನು ಕೂಡಿಸಿ ತಂದಿದ್ದರು. ಮೀನು, ಮೊಸಳೆ, ಕುರ್ಚಿ, ಹೀಗೆ ಇನ್ನೂರು ಚಿಲ್ಲರೆ.

"ಇವತ್ತು ಇವರೆಲ್ಲ ಬಂದಿದ್ದಾರಲ್ಲಪ್ಪ, ನಾಳೆ ಹೊರಡು," ಎಂದರು ಮೇಡಂ. ಅವನು ಊರು ಮುಟ್ಟುವ ಹೊತ್ತಿಗೆ ಹೊಲದ ಮೂಲೆಯಲ್ಲಿ ಅವ್ವನನ್ನು ಮಣ್ಣು ಮಾಡಿಯಾಗಿತ್ತು. ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಬಲು ಬೆಲೆಬಾಳುತ್ತದೆಂದು ಅತಿಥಿಗಳು ಅವತ್ತು ಹೊಗಳಿದ ಬಟ್ಟೊಂದು ಮಾತ್ರ ಕಣ್ಣಲ್ಲಿ ಉಳಿಯಿತು. ಕತ್ತು ತಿರುಗಿಸಿ ಬೆನ್ನ ಕಡೆ ನೋಡುವ ಹಕ್ಕಿ ಅದು.

ಹಕ್ಕಿ ಮಾರಿದರೆ ಅವ್ವನ ಸಮಾಧಿಯ ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸಬಹುದು. ಆದರೆ ಬಟ್ಟುಗಳಿಟ್ಟ ಬೀರುವಿನ ಕೀಲಿ ಇರುವುದು ಅವನ ಉಡಿದಾರದಲ್ಲಿ. ಕಳವಾದರೆ ಕಳ್ಳನನ್ನು ಹುಡುಕುವ ಕಷ್ಟವೇ ಇಲ್ಲ. ಆದ್ದರಿಂದ ಕಳವೇ ಆಗಬಾರದು. ಹಕ್ಕಿ ಹೋಗಬೇಕು, ಬೀರುವಿನಲ್ಲಿ ಹಕ್ಕಿ ಇರಲೂಬೇಕು.

ದಾರಿ ತೋರಿಸಿದವರು ಮೇಡಂ ಅವರೇ. ಒಮ್ಮೆ ಶೇಂಗಾಕಾಯಿಯ ಬಟ್ಟು ಹಿಡಿದು ಹೇಳಿದ್ದರು: "ಇದು ನಿಜವಾದ ಕಡ್ಲೆಕಾಯೇ ಕಣಪ್ಪ. ಮಣ್ಣಲ್ಲಿ ಮುಚ್ಚಿ ಸುಡ್ತಾರೆ. ಕಾಯಿ ಬೂದಿಯಾದ ಜಾಗಕ್ಕೆ ಹಿತ್ತಾಳೆ ಹೊಯ್ತಾರೆ."

ಕಣ್ಣಿನ ಪೊರೆ ತೆಗೆಸಿಕೊಂಡು ಮೇಡಂ ಹಲಸೂರಿನ ತಂಗಿಯ ಮನೆಯಲ್ಲಿ ಹತ್ತು ದಿನ ಇದ್ದರು. ಶಿವಪುತ್ರ ಹಕ್ಕಿಯನ್ನು ಹೊರತೆಗೆದ. ಪ್ರತಿ ಆಯುಧಪೂಜೆಗೂ ಎಲ್ಲ ಬಟ್ಟುಗಳಿಗೆ ಕುಂಕುಮ, ಅಕ್ಷತೆ ಹಾಕುತ್ತಿದ್ದವನು ಅವನೇ. ಮೇಡಂ ನಗುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ. ಉಳಿದಿದ್ದ ಕುಂಕುಮ ಒರೆಸಿ, ಶಿವಾಜಿನಗರದಲ್ಲಿ ಬಾಗಿಲ ಹಿಡಿ ಎರಕ ಹೊಯ್ಯುವ ಕಲೀಮುಲ್ಲಾನ ಬಳಿಗೆ ಒಯ್ದ.

"ಅಚ್ಚು ಸುಳ್ಳು ಹೇಳಲ್ಲ ಭಾಯ್," ಎಂದ ಕಲೀಮುಲ್ಲಾ. "ಅಸಲಲ್ಲಿ ಇರೋದೆಲ್ಲ ನಕಲಲ್ಲೂ ಬರ್ತದೆ."

ತಾನು ಕಳ್ಳ, ಪರರ ನಂಬ. ಕಲೀಮುಲ್ಲಾ ಹಕ್ಕಿಯನ್ನು ಮಣ್ಣಿಗೆ ಒತ್ತಿ ಅಚ್ಚು ತೆಗೆಯುವುದನ್ನು ಶಿವಪುತ್ರ ಪಕ್ಕದಲ್ಲೇ ಕೂತು ನೋಡಿದ. ಎರಡು ಎರಕ ಕೆಟ್ಟವು, ಮೂರನೆಯದು ಸರಿಬಂತು. ಕಡಿಮೆ ಬಿದ್ದ ತೂಕಕ್ಕೆ ಅಡಿಯಲ್ಲಿ ಸೀಸ ತುಂಬಿಸಿದ. ಅಸಲು ಹಕ್ಕಿಗೂ ಅಕಾನ್ ಜನ ಹಾಗೇ ತುಂಬಿದ್ದರು. ಉಪ್ಪುನೀರು, ಚಹಾಪುಡಿಯಲ್ಲಿ ನೆನೆಸಿ ಹೊಸ ಹೊಳಪು ಮಂಕಾಗಿಸಿ, ನಕಲನ್ನು ಬೀರುವಿನಲ್ಲಿಟ್ಟ. ಅಸಲನ್ನು ಇಂದಿರಾನಗರದ ಹಳೇ ಸಾಮಾನಿನ ಅಂಗಡಿಯವನು ಕೊಂಡು ಅದೇ ವಾರ ವಿದೇಶಕ್ಕೆ ಕಳಿಸಿದ. ಶಿವಪುತ್ರ ಕಲ್ಲು ಕಡೆಯುವವರಿಗೆ ಗದ್ದುಗೆಯ ಅಳತೆ ಹೇಳಿದ. ಖುಷಿಯಾಗಲಿಲ್ಲ, ಹೆದರಿಕೆಯೂ ಆಗಲಿಲ್ಲ.

ತಿಂಗಳ ನಂತರ ಮೇಡಂ ಎಲ್ಲ ಬಟ್ಟುಗಳನ್ನೂ ಮ್ಯೂಸಿಯಂಗೆ ದಾನ ಕೊಟ್ಟರು. ಅಧಿಕಾರಿ ಶ್ರೀನಿವಾಸ್ ಬಂದು ಒಂದೊಂದನ್ನೂ ತೂಗಿದರು. ಹಕ್ಕಿಯ ತೂಕ ಮೇಡಂ ಬರೆದಿಟ್ಟಷ್ಟೇ ಬಂತು. ಅದು ಪೆಟ್ಟಿಗೆಗೆ ಸೇರಿದರೆ ಮುಗಿಯಿತು. ಮ್ಯೂಸಿಯಂನಲ್ಲಿ ಮುಂದೆ ಏನಾದರೂ ಅದು ಮ್ಯೂಸಿಯಂನವರ ತಲೆನೋವು.

ಕೊನೆಯ ಸಲ ಎಂದು ಮೇಡಂ ಹಕ್ಕಿಯನ್ನು ಕೈಗೆತ್ತಿಕೊಂಡರು. ಪೊರೆ ಹೋದ ಕಣ್ಣಿಗೆ ಈಗ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. "ನೋಡಿ ಶ್ರೀನಿವಾಸ್, ನಮ್ಮ ಶಿವಪುತ್ರನ ಭಕ್ತಿ. ಆಯುಧಪೂಜೆ ಅಕ್ಷತೆ ಇನ್ನೂ ಕತ್ತಿನ ಸಂದೀಲೇ ಕೂತಿದೆ," ಎಂದು ನಕ್ಕು, ಹಕ್ಕಿಯನ್ನೂ ಒಂದು ಹಲ್ಲುಕಡ್ಡಿಯನ್ನೂ ಅವನ ಕೈಗಿಟ್ಟರು. "ತೆಗೆದುಬಿಡಪ್ಪ." ಕತ್ತು ಬೆನ್ನಿಗೆ ಸೇರುವಲ್ಲಿ ಒಂದು ಅಕ್ಕಿಕಾಳು. ಕುಂಕುಮ ಒರೆಸುವಾಗ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕಡ್ಡಿಯಿಂದ ಒತ್ತಿದ. ಕಾಳು ಅಲುಗಲಿಲ್ಲ. ಇನ್ನಷ್ಟು ಒತ್ತಿದ, ಕಡ್ಡಿ ಮುರಿಯಿತು. ಕಲೀಮುಲ್ಲಾನ ಅಚ್ಚು ಸುಳ್ಳು ಹೇಳಿರಲಿಲ್ಲ. ಕಾಳೂ ಹಿತ್ತಾಳೆಯದೇ ಆಗಿತ್ತು. "ಬರ್ತಾ ಇಲ್ವಾ? ಕೊಡಿ ಇಲ್ಲಿ, ನಾನು ನೋಡ್ತೀನಿ," ಎಂದು ಶ್ರೀನಿವಾಸ್ ಕೈ ಚಾಚಿದರು.