ದಿಬ್ಬದ ಮೇಲಿನ ಹಸಿರು ತೇಪೆ

ಗೆಥಿನ್‌ನ ನೀಲಿ ಕಾರು ಗೇಟಿನ ಬಳಿ ನಿಂತಾಗ ಟೆಗ್ವೆನ್ ಕೈಯಲ್ಲಿದ್ದ ಬಕೆಟ್ಟನ್ನು ಅಂಗಳದಲ್ಲೇ ಕೆಳಗಿಟ್ಟಳು. ತಪಾಸಣೆ ಮುಂದಿನ ವಾರ ಎಂದು ಕಾಗದ ಬಂದಿತ್ತು. ಆ ಒಂದು ವಾರ ಸಿಕ್ಕಿದ್ದರೆ ದಿಬ್ಬದ ಮೇಲಿನ ಆ ತೇಪೆಯನ್ನು ಹೇಗಾದರೂ ಮರೆಮಾಡುತ್ತಿದ್ದಳು.

"ಬಂದ ನೋಡು ನಿನ್ನ ಸಾಹೇಬ," ಅಡುಗೆಮನೆ ಕಿಟಕಿಯಿಂದ ಅಪ್ಪನ ತಂಗಿ ಮಾಬ್ಲಿ ಅತ್ತೆ ಇಣುಕಿದಳು. "ಒಂಬೈನೂರು ವರ್ಷದಿಂದ ಕದಲದ ದಿಬ್ಬ. ಎಲ್ಲಿ ಓಡಿಹೋಗುತ್ತೋ ಅಂತ ವರ್ಷಕ್ಕೆ ಮೂರು ಸಲ ಬರ್ತಾನಲ್ಲ, ಪಾಪ!"

"ಸುಮ್ನಿರು ಅತ್ತೆ."

ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿತ್ತು ಆ ದಿಬ್ಬ. ಇಂಗ್ಲೆಂಡನ್ನು ಗೆದ್ದು ಬಂದ ಯಾವನೋ ನಾರ್ಮನ್ ದೊರೆ ಇಲ್ಲಿನ ವೇಲ್ಸಿನವರಿಗೆ ಹೆದರಿ ಮಣ್ಣು ಪೇರಿಸಿ, ನೆತ್ತಿಯ ಮೇಲೆ ಮರದ ಕೋಟೆ ಕಟ್ಟಿಕೊಂಡಿದ್ದನಂತೆ. ಕೋಟೆ ಎಂದೋ ಹೋಯಿತು. ಮಣ್ಣೂ ಸುತ್ತಲಿನ ಕಂದಕವೂ ಉಳಿದವು. ಅಲ್ಲಿ ಟೆಗ್ವೆನ್‌ಳ ಕುರಿಗಳು ಮೇಯಬಹುದು, ಆದರೆ ಸರ್ಕಾರ ಕಾಪಾಡುವ ಸ್ಮಾರಕವಾದ್ದರಿಂದ ಗುದ್ದಲಿ ಮುಟ್ಟಿಸುವಂತಿಲ್ಲ, ಅಪರಾಧ. ಅದನ್ನು ನೋಡಿಕೊಳ್ಳುವುದೇ ಗೆಥಿನ್‌ನ ಕೆಲಸ.

ಮಾರ್ಚಿನಲ್ಲಿ ಅವಳು ಮುಟ್ಟಿಸಿದ್ದಳು. ಹದಿನಾಲ್ಕು ವರ್ಷ ಕುರಿ ಕಾದ ನಾಯಿ ನೆಲ್ ಸತ್ತ ದಿನ. ದಿನವೂ ದಿಬ್ಬದ ನೆತ್ತಿಯಲ್ಲಿ ಕೂತು ಮಂದೆ ನೋಡುತ್ತಿದ್ದವಳನ್ನು ಬೇರೆಲ್ಲಿ ಮಲಗಿಸುವುದು? ಅಳುತ್ತಲೇ ಅಗೆದು, ಕೆಳಗಿನ ಹೊಲದಿಂದ ಹುಲ್ಲಿನ ಹೆಂಟೆ ಕಿತ್ತು ತಂದು ಮುಚ್ಚಿದ್ದಳು. ಎಡವಿದ್ದು ಅಲ್ಲೇ. ಕೆಳಗಿನದು ಕ್ಲೋವರ್ ಎಂಬ ಮೇವಿನ ಸೊಪ್ಪು ಬೆರೆಸಿ ಬಿತ್ತಿದ ಹುಲ್ಲು. ಜೂನ್ ಬರುವಷ್ಟರಲ್ಲಿ, ಎಂದೂ ನೇಗಿಲು ಕಾಣದ ದಿಬ್ಬದ ಬಡಕಲು ಹುಲ್ಲಿನ ನಡುವೆ ಬಾಗಿಲಷ್ಟಗಲದ ಕಡುಹಸಿರು ತೇಪೆ, ಅದರ ತುಂಬ ಬಿಳಿ ಹೂ.

ವರದಿ ಬರೆಯದಿದ್ದರೆ ಗೆಥಿನ್‌ನ ಕೆಲಸಕ್ಕೆ ಸಂಚಕಾರ. ಬರೆದರೆ ಮತ್ತೆ ಯಾವ ಮುಖ ಹೊತ್ತು ಟೀ ಕುಡಿಯಲು ಬರುತ್ತಾನೆ? ಮೂರು ವರ್ಷದಿಂದ ಅವನು ಬರುವ ದಿನಗಳನ್ನೇ ಕಾಯುತ್ತಿದ್ದವಳಿಗೆ ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

"ಮೊದಲು ಟೀ ಕುಡೀರಿ," ಗೇಟು ದಾಟಿ ಬಂದವನಿಗೆ ಅಡ್ಡ ನಿಂತಳು.

"ಆಮೇಲೆ." ಅವನ ಕಿವಿ ಯಾಕೋ ಕೆಂಪಾಗಿತ್ತು.

"ಮೇಲೆ ಟಗರು ಇದೆ, ಹಾಯುತ್ತೆ."

"ಟಗರಿಗೆ ಹೆದರೋನಲ್ಲ. ಅದರ ಒಡತಿಗೆ ಹೆದರ್ತೀನಿ." ಹೇಳಿ ಓರೆಗಣ್ಣಲ್ಲಿ ನೋಡಿದ. ಬೇರೆ ದಿನವಾಗಿದ್ದರೆ ಆ ನೋಟವನ್ನು ವಾರವಿಡೀ ಜೋಪಾನ ಮಾಡುತ್ತಿದ್ದಳು. ಇಂದು ನಗಲೂ ಆಗಲಿಲ್ಲ.

ಅರ್ಧ ಏರುವಷ್ಟರಲ್ಲಿ ತಡೆಯಲಾರದೆ ಅವನ ತೋಳು ಹಿಡಿದಳು. "ನಿಲ್ಲಿ ಗೆಥಿನ್. ಮೇಲೆ ನೆಲ್ ಇದಾಳೆ. ನಾನೇ ಅಗೆದೆ. ಬರ್ಕೊಳ್ಳಿ."

"ಗೊತ್ತು."

ಆಗಷ್ಟೇ ಗಮನಿಸಿದಳು, ಅವನ ಕೈಯಲ್ಲಿ ಅಳತೆಯ ಟೇಪೂ ಇಲ್ಲ, ಪುಸ್ತಕವೂ ಇಲ್ಲ.

"ಹೋದ ಭಾನುವಾರ ಬಂದಿದ್ದೆ. ನೀವು ಪ್ರಾರ್ಥನೆಗೆ ಚಾಪೆಲ್‌ಗೆ ಹೋಗಿದ್ರಿ. ಗೇಟಿಂದಾನೇ ಕಾಣುತ್ತೆ. ಕೋಟೆ ಮೇಲೆ ಕ್ಲೋವರ್ ಬೆಳೆದೋರು ನೀವೊಬ್ರೇ."

"ಭಾನುವಾರವೂ ಡ್ಯೂಟಿನಾ?"

"ದಿಬ್ಬ ನೋಡೋಕೆ ಬಂದಿರ್ಲಿಲ್ಲ."

ಅವಳು ನೆತ್ತಿಯ ಬಿಳಿ ಹೂಗಳತ್ತ ನೋಡಿದಳು. "ವರದಿ?"

"ಬರೆಯೋಕೂ ಆಗ್ಲಿಲ್ಲ, ಬಿಡೋಕೂ ಆಗ್ಲಿಲ್ಲ. ಸೋಮವಾರ ಆಫೀಸಲ್ಲಿ ಹೇಳಿಬಿಟ್ಟೆ, ಆ ಮನೆ ವಿಷಯದಲ್ಲಿ ನನ್ನ ಕಣ್ಣು ನೆಟ್ಟಗಿಲ್ಲ, ಬೇರೆಯವರಿಗೆ ಕೊಡಿ ಅಂತ. ಮುಂದಿನ ವಾರ ಮಿಸೆಸ್ ಪ್ರಾಸರ್ ಬರ್ತಾರೆ. ನನಗೆ ಹೇಳಿದ ಹಾಗೇ ಅವರಿಗೂ ಹೇಳಿ. ಚೆನ್ನಾಗಿ ಬೈತಾರೆ. ಆದ್ರೆ ನೆಲ್‌ನ ಎಬ್ಬಿಸಲ್ಲ. ಎಬ್ಬಿಸೋಕೆ ಮತ್ತೆ ಅಗೀಬೇಕಲ್ಲ!"

ನೆಲ್ ಉಳಿದಳು. ಆದರೆ ಟೆಗ್ವೆನ್‌ಳ ಕಣ್ಣು ತುಂಬಿದ್ದು ಸಮಾಧಾನಕ್ಕಲ್ಲ. "ಅಂದ್ರೆ ನಿಮಗಿನ್ನು ಇಲ್ಲಿ ಕೆಲಸ ಇಲ್ಲ."

"ಇಲ್ಲ." ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಕೆಲಸ ಇಲ್ಲದೆ ಬರಬಹುದಾ ಅಂತ ಕೇಳೋಕೇ ಇವತ್ತು ಬಂದೆ."

ಅವಳು ಹಿಡಿದ ತೋಳನ್ನು ಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ. "ಭಾನುವಾರ ಬಾ. ಚಾಪೆಲ್ ಬಿಟ್ಟ ಮೇಲೆ."

ಕೆಳಗಿನಿಂದ ಮಾಬ್ಲಿ ಅತ್ತೆಯ ಕೂಗು ಬಂತು. "ಏನಪ್ಪಾ, ದಿಬ್ಬ ಇದೆಯಾ, ಓಡಿಹೋಯ್ತಾ?"

"ಇದೆ ಅತ್ತೆ," ಟೆಗ್ವೆನ್ ಕಣ್ಣೊರೆಸಿಕೊಂಡು ಕೂಗಿದಳು. "ಇಬ್ರಿಗೂ ಟೀ ಇಡು."