ದೊಂಗ್ಮು ಅಂದ ಬಾಯಿ

"ಏಯ್! ಅವಳ ಬಾಯಿ ಬಟ್ಟೆ ಬಿಚ್ಚು!"

ತೋಳಿಗೆ ಪಟ್ಟಿ ಕಟ್ಟಿದ ಕಾವಲುಗಾರನ ಬಂದೂಕಿನ ಮೂತಿ ಅಕ್ಕನ ಗಲ್ಲಕ್ಕೆ ತಾಗಿತ್ತು. ನನ್ನ ಜೀವ ಬಾಯಿಗೆ ಬಂತು!

"ಹಲ್ಲುನೋವು ನಾಯಕ್ರೇ... ಗಂಜಿ ಕೂಡ ಇಳೀತಿಲ್ಲ," ಅಂದೆ.

"ಹೌದಾ? ನಾನೇ ಕಿತ್ತು ಕೈಗೆ ಕೊಡ್ತೀನಿ. ಬಿಚ್ಚು!"

ಹಾನ್ ನದಿಯ ದಂಡೆ. ನದಿ ಹೆಪ್ಪುಗಟ್ಟಿತ್ತು. ಮಂಜುಗಡ್ಡೆ ದಾಟಿದರೆ ದಕ್ಷಿಣದ ದಾರಿ, ಬದುಕಿಕೊಂಡೆವು. ಹಿಂದೆ ಸಿಯೋಲ್ ನಗರ ಹೊಗೆಯಾಡುತ್ತಿತ್ತು. ಚೀನೀಯರ ಫಿರಂಗಿ ಗುಡುಗಿದಾಗಲೆಲ್ಲ ಸಾಲಿನಲ್ಲಿದ್ದ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

ನಾನು ಪ್ಯೋ ಮಾನ್‌ಸು. ಪಾಸು, ಪೆಟ್ರೋಲು, ಪೆನಿಸಿಲಿನ್... ಯಾರಿಗೆ ಏನು ಬೇಕೋ ಹೊಂದಿಸಿಕೊಡುವವನು. ರಷ್ಯಾದ ಟ್ಯಾಂಕು ಹತ್ತಿ ಉತ್ತರದವರು ಬಂದರು, ಅವರಿಗೂ ಹೊಂದಿಸಿದೆ. ಅಮೆರಿಕದವರು ಬಂದು ಅವರನ್ನು ಓಡಿಸಿದರು, ಇವರಿಗೂ ಹೊಂದಿಸಿದೆ. ಯಾರಪ್ಪನಿಗೂ ಹೆದರಿದವನಲ್ಲ ಸ್ವಾಮೀ! ಆದರೆ ಆವತ್ತು ಹೆದರಿದೆ.

ಕಾರಣ ನನ್ನಕ್ಕ, ಒಕ್‌ಬುನ್. ಉತ್ತರದವರು ಊರು ಹಿಡಿದಿದ್ದಾಗ ಅವಳನ್ನು ಓಣಿಯ ಮಹಿಳಾ ಸಂಘಕ್ಕೆ ಮುಖ್ಯಸ್ಥೆ ಮಾಡಿದ್ದರು. ಒಲ್ಲೆ ಅಂದಿದ್ದರೆ ಅವರ ಗುಂಡು. ಹೂಂ ಅಂದಿದ್ದಕ್ಕೆ ಈಗ ನಮ್ಮವರದ್ದೇ ಗುಂಡು!

ಹಿಡಿಯೋಕೆ ಇವರಿಗೆ ಒಂದು ಪದ ಸಾಕಿತ್ತು. ದೊಂಗ್ಮು.

ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೈ ಹಾಕಿ ಒಬ್ಬರನ್ನೊಬ್ಬರು ಕರೆಯುತ್ತಿದ್ದ ಪದ ಅದು. ಗೆಳೆಯ ಅಂತ, ಅಷ್ಟೇ. ಉತ್ತರದವರು ಅದನ್ನೇ ಕಾಮ್ರೇಡ್ ಮಾಡಿಕೊಂಡರು. ಇತ್ತ ದಕ್ಷಿಣದಲ್ಲಿ ಆ ಪದ ಆಡಿದವನು ದೇಶದ್ರೋಹಿಯಾದ! ಆ ಬೇಸಿಗೆಯಿಡೀ ಕಂಡಕಂಡವರನ್ನು ದೊಂಗ್ಮು ಅಂದು ಅಂದು ಅಕ್ಕನ ನಾಲಿಗೆಗೆ ಅದು ಅಂಟಿಕೊಂಡಿತ್ತು. ಅದಕ್ಕೇ ಈ ಬಟ್ಟೆ, ಈ ಹಲ್ಲುನೋವು.

ತೋಳುಪಟ್ಟಿಯವನ ಅಂಗೈಗೆ ಅಮೆರಿಕದ ಸಿಗರೇಟು ಪ್ಯಾಕೆಟ್ ತುರುಕಿದೆ. ಅವನು ಮೂಸಿದ. ನನ್ನನ್ನು ನೋಡಿದ. ಅಕ್ಕನನ್ನು ನೋಡಿದ.

"ತೊಲಗು."

ಅಬ್ಬಾ! ಹೋದ ಜೀವ ಬಂತು.

"ದೊಡ್ಡ ಉಪಕಾರ ಆಯ್ತು, ದೊಂಗ್ಮು!"

...ಅಂದದ್ದು ಅಕ್ಕ ಅಲ್ಲ ಸ್ವಾಮೀ. ನಾನು!

ಬಂದೂಕು ಖಟಕ್ ಅಂತು. ಸಾಲಿನ ಜನ ನಮ್ಮಿಂದ ದೂರ ಸರಿದರು.

"ಏನಂದೆ?"

"ಬಾಯಿ ತಪ್ಪಿ... ನಾಯಕ್ರೇ, ಬಾಯಿ ತಪ್ಪಿ..."

"ಗೋಡೆ ಕಡೆ ನಡಿಯೋ, ಕೆಂಪು ನಾಯಿ!"

ಗೋಡೆಯ ಬುಡದಲ್ಲಿ ಹಿಮ ಕೆಂಪಾಗಿತ್ತು. ಅಕ್ಕ ಬಾಯಿಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದಳು.

"ಅವನನ್ನ ಬಿಡು! ಓಣಿ ಸಂಘದ ಮುಖ್ಯಸ್ಥೆ ನಾನು. ಅವನಿಗೆ ಆ ಪದ ಕಲಿಸಿದ್ದೂ ನಾನೇ!"

"ಅಕ್ಕಾ, ಬಾಯ್ಮುಚ್ಚೇ!"

"ನೀನು ಮುಚ್ಚಿದ್ಯಾ, ಮಂಗ?"

"ಜೋಡಿ ಸಿಕ್ತು ಬಿಡು," ಅಂತ ನಕ್ಕ ತೋಳುಪಟ್ಟಿಯವನು. ಇಬ್ಬರನ್ನೂ ಗೋಡೆಗೆ ನೂಕಿದ.

ಆಗ ಜೀಪು ಬಂತು. ಅಮೆರಿಕದ ಸಾರ್ಜೆಂಟ್, ಗೋಧಿ ಮೂಟೆಯಂಥ ಆಳು. ಪಕ್ಕದಲ್ಲಿ ಸಣಕಲು ದುಭಾಷಿ ಹ್ಯೋನ್.

"ಸಾಲು ಯಾಕೆ ನಿಂತಿದೆ? ಚೀನೀಯರು ಬಂದು ತಳ್ಳಬೇಕಾ?" ಸಾರ್ಜೆಂಟ್ ಇಂಗ್ಲಿಷಿನಲ್ಲಿ ಗದರಿದ.

"ನೋ ಓಕೆ! ನೋ ಓಕೆ!" ತೋಳುಪಟ್ಟಿಯವನು ನಮ್ಮತ್ತ ಬಂದೂಕು ಆಡಿಸಿದ. ಅವನ ಇಂಗ್ಲಿಷ್ ಅಷ್ಟಕ್ಕೇ ಮುಗಿಯಿತು. ಹ್ಯೋನ್ ಕಡೆ ತಿರುಗಿ ನಮ್ಮ ಮಾತಲ್ಲೇ ಕಿರುಚಿದ. "ಹೇಳ್ರೀ ಸಾಹೇಬ್ರಿಗೆ! ಇವನು ನಂಗೆ ದೊಂಗ್ಮು ಅಂದ!"

"ದೊಂಗ್ಮು ಅಂದ್ರೇನು?" ಸಾರ್ಜೆಂಟ್ ಕೇಳಿದ.

ನನಗೆ ಇಂಗ್ಲಿಷ್ ಬರುತ್ತದೆ. ಆದರೆ ಗೋಡೆಗೆ ನಿಂತವನ ಮಾತು ಯಾರು ನಂಬುತ್ತಾರೆ? ಹ್ಯೋನ್ ಅಕ್ಕನ ಮುಖ ನೋಡಿದ. ಗೋಡೆ ನೋಡಿದ. ಸಿಕ್ಕಿಬಿದ್ದರೆ ಅವನಿಗೂ ಅದೇ ಗೋಡೆ.

"ಗೆಳೆಯ ಅಂತ ಸರ್. ಇವನು ಕಾವಲುಗಾರನನ್ನ ಗೆಳೆಯ ಅಂದ."

ಸುಳ್ಳಲ್ಲ ನೋಡಿ! ಒಂದಕ್ಷರವೂ ಸುಳ್ಳಲ್ಲ!

"ಗೆಳೆಯ ಅಂದಿದ್ದಕ್ಕೆ ಬಂದೂಕಾ? ಬಿಡೋ ಅವರನ್ನ!" ಸಾರ್ಜೆಂಟ್ ಬಂದೂಕಿನ ನಳಿಗೆಯನ್ನು ಕೈಯಿಂದಲೇ ಪಕ್ಕಕ್ಕೆ ತಳ್ಳಿದ.

"ಓಡು," ಅಂತ ಹ್ಯೋನ್ ತುಟಿ ಅಲ್ಲಾಡಿಸದೆ ಅಂದ.

ಓಡಿದೆವು. ಮಂಜುಗಡ್ಡೆ ಕಾಲಡಿ ಚಟಚಟ ಅನ್ನುತ್ತಿತ್ತು. ಅಕ್ಕ ಜಾರಿ ಬಿದ್ದಳು, ಎಳೆದುಕೊಂಡೇ ಓಡಿದೆ. ಬೆನ್ನಿಗೆ ಈಗ ಗುಂಡು ಬೀಳುತ್ತೆ, ಈಗ ಬೀಳುತ್ತೆ... ಬೀಳಲಿಲ್ಲ. ನದಿಯ ನಡುವೆ ತಡೆಯಲಾರದೆ ತಿರುಗಿ ನೋಡಿದೆ.

ಸಾರ್ಜೆಂಟ್ ತೋಳುಪಟ್ಟಿಯವನ ಬೆನ್ನಿಗೆ ಪಟಪಟ ಬಾರಿಸುತ್ತಾ, ಕಲಿತ ಒಂದೇ ಪದವನ್ನು ದಂಡೆಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. "ದೊಂಗ್ಮು! ದೊಂಗ್ಮು!"

ನಮ್ಮ ದೇಶಭಕ್ತ ಬೂಟು ಕುಟ್ಟಿ ಸೆಲ್ಯೂಟ್ ಹೊಡೆದ.