ನಿಂಬೆವ್ವನ ಹೂಂ ತರಲು ಹೋದ ಮಾಳಿಂಗ

ಬಹಳ ಹಿಂದೆ, ಬೆಟ್ಟಗಳಿನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಹೊನ್ನಂಬರ ಅನ್ನುವ ರಾಜ್ಯವಿತ್ತು. ಎಂಥ ರಾಜ್ಯ ಅಂತೀರಿ! ಅಲ್ಲಿನ ಬದನೆಕಾಯಿ ಹೆಚ್ಚಬೇಕಾದರೆ ಇಬ್ಬರು ಗರಗಸ ಹಿಡಿಯಬೇಕು. ಅಲ್ಲಿನ ಟಗರು ಸೀನಿದರೆ ಪಕ್ಕದ ರಾಜ್ಯದವರು ಮಳೆ ಬಂತೆಂದು ಒಣಹಾಕಿದ ಬಟ್ಟೆ ಎತ್ತಿಡುತ್ತಿದ್ದರು. ಆ ಟಗರಿನ ಉಣ್ಣೆಯಲ್ಲಿ ಕಂಬಳಿ ನೇಯುವವನು ಮಾಳಿಂಗ. ಅವನ ಹೆಂಡತಿ ನಿಂಬೆವ್ವ.

ನೇಯುವ ಮೊದಲು, ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಬೇಕು. ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಎದುರುಬದುರು ನಿಂತು ಕುಂಚ ಎಳೆಯಬೇಕು. ಒಬ್ಬರು ಕತೆ ಹೇಳಬೇಕು, ಇನ್ನೊಬ್ಬರು ಹೂಂಗುಟ್ಟಬೇಕು, ಅದು ಆ ನಾಡಿನ ಪದ್ಧತಿ. ಮಾತಿಗೆ ಕೈ ಮುಂದೆ, ಹೂಂಗೆ ಕೈ ಹಿಂದೆ. ತಾಳ ತಪ್ಪಿದರೆ ನೂಲು ತುಂಡು.

ನಿಂಬೆವ್ವ ಬರೀ ಹೂಂಗುಟ್ಟುವವಳಲ್ಲ. "ನಮ್ಮಪ್ಪ ತೋಳದ ಬಾಲ ಹಿಡಿದು ಗಿರಗಿರ ತಿರುಗಿಸಿದ," ಎಂದು ಮಾಳಿಂಗ ಶುರುಮಾಡಿದರೆ, "ನಿಮ್ಮಪ್ಪ ಬೆಕ್ಕು ಕಂಡರೆ ಅಟ್ಟ ಹತ್ತುತ್ತಿದ್ದ, ಸುಮ್ಕಿರು ಮಾವ!" ಎಂದು ಕುಂಚ ಝಾಡಿಸುವಳು. ಗಂಜಿ ಅವನ ಮೂಗಿಗೆ ಸಿಡಿಯುವುದು. ಇಬ್ಬರೂ ಬಿದ್ದು ಬಿದ್ದು ನಗುವರು.

ಹೀಗಿರುವಾಗ ಬೆರಗಪ್ಪ ಎಂಬ ಮಂತ್ರವಾದಿ ಬಂದ. ಊರಿನ ಪ್ರತಿಯೊಬ್ಬರಿಗೂ ಒಂದೊಂದು ಅಂಗೈಗನ್ನಡಿ ಹಂಚಿದ, ಪುಕ್ಕಟೆ. ಅದರೊಳಗೆ ಕುಣಿಯುವ ನವಿಲು, ದೂರದ ರಾಣಿಯ ಸೀಮಂತ, ಕಂಡವರ ಜಗಳ, ಇನ್ಯಾರದೋ ಮನೆಯ ಊಟದೆಲೆ. ಬೆರಳು ಸವರಿದರೆ ಇನ್ನೊಂದು, ಸವರಿದರೆ ಮತ್ತೊಂದು. ಮುಗಿಯುವುದೇ ಇಲ್ಲ. ಹೊನ್ನಂಬರದ ಕತ್ತುಗಳೆಲ್ಲ ಬಾಗಿದವು. ರಾಜ ಬಾಗಿದ, ಕಿರೀಟ ಉರುಳಿ ಚರಂಡಿಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಒಬ್ಬ ಮದುಮಗ ತಲೆ ಎತ್ತದೆ ಪುರೋಹಿತರಿಗೇ ತಾಳಿ ಕಟ್ಟಿದ. ಪುರೋಹಿತರೂ ತಲೆ ಎತ್ತಲಿಲ್ಲ.

ಮಾಳಿಂಗನ ಕೈಯಲ್ಲಿ ಗಂಜಿ ಮೆತ್ತಿತ್ತು, ಅವನ ಕನ್ನಡಿ ಜಾರಿ ಒಡೆಯಿತು. ನಿಂಬೆವ್ವನದು ಉಳಿಯಿತು.

"ನಿಂಬೀ, ನಮ್ಮ ಟಗರು ಮೊಟ್ಟೆ ಇಡ್ತು."

"ಹೂಂ."

"ನಿಂಬೀ, ನನ್ನ ತಲೆಗೆ ಕೊಂಬು ಬಂತು."

"ಹೂಂ."

"ನಾನು ಸತ್ತೇ ಹೋದೆ ಕಣೇ."

"ಹೂಂ, ಉಂಡು ಮಲಕ್ಕೋ."

ಆ ಹೂಂ ಅವಳ ಬಾಯಿಂದ ಹೊರಟು, ಹೊಸ್ತಿಲು ದಾಟಿ, ತರಗೆಲೆಯಂತೆ ಹಾರಿಹೋಯಿತು. ಮಾಳಿಂಗ ಕಣ್ಣಾರೆ ಕಂಡ. ಕಟ್ಟಿದ ನೂಲು ಕಟ್ಟಿದ ಹಾಗೇ ಒಣಗುತ್ತಿತ್ತು. ಅವಳು ತವರಿಗೆ ಹೋಗಿದ್ದರೆ ಹೋಗಿ ಕರೆತರಬಹುದಿತ್ತು. ಎದುರಿಗೇ ಕೂತವಳನ್ನು ಎಲ್ಲಿಗೆ ಹೋಗಿ ಕರೆಯುವುದು? ಅವನು ಆ ಹೂಂ ಹಾರಿದ ದಿಕ್ಕಿಗೇ ಹೊರಟ.

ದಾರಿಯಲ್ಲಿ ಗುಡ್ಡದಷ್ಟು ಹುಲಿ ಅಡ್ಡ ಬಂತು. "ನನ್ನ ಕತೆ ಕೇಳು. ಕೇಳದೆ ಹೂಂ ಅಂದವರನ್ನೆಲ್ಲ ನುಂಗಿದ್ದೀನಿ. ಮೊನ್ನೆ ನೀರಿಗೆ ಹೋದಾಗ ಒಂದು ಮೊಲ ನನ್ನ ಅಟ್ಟಿಸಿಕೊಂಡು ಬಂತು."

"ಮೊಲವಾ? ಅಯ್ಯೋ ಹುಲಿಯಪ್ಪಾ, ನಿನ್ನ ಮೀಸೆ ಗತಿ ಏನು? ಆಮೇಲೆ ಏನ್ಮಾಡ್ದೆ?"

ಹುಲಿಯ ಕಣ್ಣು ತುಂಬಿತು. "ಆಮೇಲೆ ಏನು ಅಂತ ಇದುವರೆಗೂ ಯಾರೂ ಕೇಳಿರಲಿಲ್ಲ ಕಣೋ," ಎಂದು ದಾರಿ ಬಿಟ್ಟಿತು.

ಮುಂದೆ ಒಂದು ಹೊಳೆ. ಕೇಳುವವರಿಲ್ಲದೆ ಮಾತೇ ಮರೆತು ಬರೀ ಗೊಣಗುತ್ತಿತ್ತು. ಮಾಳಿಂಗ ದಡದಲ್ಲಿ ಕೂತ. ಸುಮ್ಮನೆ ಕಿವಿಗೊಟ್ಟು ಕೂತ. ಎಷ್ಟು ಕೂತನೆಂದರೆ, ಗಡ್ಡ ಬೆಳೆದು ಅದರಲ್ಲಿ ಗುಬ್ಬಿ ಗೂಡು ಕಟ್ಟಿತು. ಕೊನೆಗೆ ಹೊಳೆಗೆ ಮಾತು ನೆನಪಾಯಿತು. "ಕಾಲು ನೋಯ್ತೇನಪ್ಪಾ?" ಎಂದು ಕೇಳಿ, ಎರಡಾಗಿ ಸೀಳಿ ದಾರಿ ಕೊಟ್ಟಿತು.

ಆಚೆ ದಡದ ಗವಿಯಲ್ಲಿ ಬೆರಗಪ್ಪ. ಹಾರಿಬಂದ ಹೂಂಗಳನ್ನು ತಿಂದು ತಿಂದು ಆನೆಗಿಂತ ದಪ್ಪಗೆ ಊದಿದ್ದ.

"ಏನು ಬೇಕೋ ಕಂಬಳಿಯವನೇ?"

"ನಮ್ಮ ನಿಂಬಿಯ ಹೂಂ."

"ಅಷ್ಟೇನಾ? ತಗೋ." ಕೈಗೊಂದು ಕನ್ನಡಿ ಇಟ್ಟ.

ಅದರೊಳಗೆ ನಿಂಬೆವ್ವ! ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಆ ಕಣ್ಣು ಕಂಡು ಎಷ್ಟು ಕಾಲವಾಗಿತ್ತು! ಮಾಳಿಂಗ ಅಲ್ಲೇ ಕೂತ. ಹುಲಿಯ ಕತೆ ಹೇಳಿದ. "ಹೂಂ," ಅಂದಳು. ಹೊಳೆಯ ಕತೆ ಹೇಳಿದ. "ಹೂಂ," ಅಂದಳು. ಅವನ ಕತ್ತೂ ಮೆಲ್ಲಗೆ ಬಾಗಿತು. ಬೆರಗಪ್ಪ ಮೀಸೆ ತಿರುವಿದ.

"ಕೇಳು ನಿಂಬೀ, ನಮ್ಮಪ್ಪ ತೋಳದ ಬಾಲ ಹಿಡಿದು ಗಿರಗಿರ ತಿರುಗಿಸಿದ."

"ಹೂಂ."

ಮಾಳಿಂಗ ಮೂಗು ಮುಂದೆ ಮಾಡಿ ಕಾದ. ಗಂಜಿ ಸಿಡಿಯಲಿಲ್ಲ.

"ತಿರುಗಿಸಿದ ಅಂದೆ ಕಣೇ!"

"ಹೂಂ."

"ನೀನು ನನ್ನ ನಿಂಬಿ ಅಲ್ಲ," ಅಂದ. ಕಣ್ಣೀರು ಕನ್ನಡಿಯ ಮೇಲೆ ಬಿತ್ತು. ಕೊಬ್ಬಿದ ಟಗರನ್ನು ಒಂದೇ ಕೈಲಿ ಎತ್ತುತ್ತಿದ್ದವನಿಗೆ ಆ ಮುಖವನ್ನು ಕೆಳಗಿಡಲು ಎರಡೂ ಕೈ ಸಾಲಲಿಲ್ಲ. ಆದರೂ ಇಟ್ಟ.

ಬೆರಗಪ್ಪ ಗುಡುಗಿದ. "ನಾನು ಯಾರು ಗೊತ್ತೇನೋ? ಮೂರು ಲೋಕವೂ ನನ್ನ ಮಾತು ಕೇಳಿ ಹೂಂ ಅನ್ನುತ್ತೆ!"

"ಸುಳ್ಳು," ಅಂದ ಮಾಳಿಂಗ, ಅವನ ಕಣ್ಣಲ್ಲಿ ಕಣ್ಣಿಟ್ಟು. "ಹೂಂ ಅಂದವರು ಒಬ್ಬರೂ ಕೇಳಿಲ್ಲ. ಕೇಳಿದವನು ನಾನೊಬ್ಬ. ಅದಕ್ಕೇ ಸುಳ್ಳು ಅಂದೆ."

ಟೊಳ್ಳು ಹೂಂ ತುಂಬಿದ ಹೊಟ್ಟೆಗೆ ಆ ಮಾತು ಜಾಲಿಮುಳ್ಳಾಗಿ ಚುಚ್ಚಿತು. ಬೆರಗಪ್ಪ ಟುಸ್ಸೆಂದ. ಹೂಂಗಳೆಲ್ಲ ಪಾರಿವಾಳದಂತೆ ಬುರ್ರನೆ ಎದ್ದು ತಂತಮ್ಮ ಮನೆಯ ಕಡೆ ಹಾರಿದವು. ಬೆರಗಪ್ಪನಿದ್ದ ಜಾಗದಲ್ಲಿ ಉಳಿದದ್ದು ಒಂದು ಹುಣಸೆಬೀಜ. ಮಾಳಿಂಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಊರಿಗೆ ಬಂದರೆ, ಕನ್ನಡಿಗಳು ಬರೀ ಕನ್ನಡಿಗಳಾಗಿದ್ದವು. ರಾಜ ಚರಂಡಿಯಲ್ಲಿ ಕೈಯಾಡಿಸಿ ಕಿರೀಟ ಹುಡುಕುತ್ತಿದ್ದ. ನಿಂಬೆವ್ವ ಕತ್ತು ಉಜ್ಜಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ಇದೇನು ಮಾವ, ಗಡ್ಡದಲ್ಲಿ ಗುಬ್ಬಿ! ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದವಳು ದನಿ ಸಣ್ಣಗೆ ಮಾಡಿದಳು. "ನೀನು ಹೋದದ್ದೇ ನನಗೆ ಗೊತ್ತಾಗಲಿಲ್ಲ."

"ನಿನ್ನನ್ನೇ ಕರೆಯೋಕೆ ಹೋಗಿದ್ದೆ," ಅಂದ ಮಾಳಿಂಗ.

ಗವಿಯಿಂದ ತಂದ ಹುಣಸೆಬೀಜವನ್ನೂ ಸೇರಿಸಿ ಅರೆದು ಗಂಜಿ ಕಾಯಿಸಿದರು. ಎದುರುಬದುರು ನಿಂತರು. ಮಾಳಿಂಗ ಹುಲಿಯ ಕತೆ ತೆಗೆದ.

"ಹುಲೀನ ಮೊಲ ಅಟ್ಟಿಸ್ತಾ? ಥೂ, ಸುಳ್ಳುಬುರುಕ!" ನಿಂಬೆವ್ವ ಕುಂಚ ಝಾಡಿಸಿದಳು.

ಆ ಕಂಬಳಿ ಎಷ್ಟು ದೊಡ್ಡದಾಯಿತೆಂದರೆ, ಹೊನ್ನಂಬರದವರೆಲ್ಲ ಅದೊಂದನ್ನೇ ಹೊದ್ದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಖವಾಗಿ ಬಾಳಿದರು. ಮಾಳಿಂಗನ ಮೂಗಿನ ಮೇಲೆ ಮಾತ್ರ ಗಂಜಿ ಒಣಗಿದ್ದೇ ಇಲ್ಲ.